ಮೂರು ಫೋನಿನ ಮನೆ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತು ತೆಗೆದರೆ ಮೂಗು ಮುರಿಯುವವರಲ್ಲಿ ನಾನೇ ಮೊದಲಿನವಳು. ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿಗೆ ಗಾಳಿ ಬಡಿದಿದೆ ಎಂದು ನಿಂಬೆಹಣ್ಣು ಇಳಿಸಿ ಒಗೆಯುತ್ತಿದ್ದಾಗ, "ಮದ್ಲ ಆಕಿಗೆ ಹೊಟ್ಟಿ ತುಂಬ ಊಟ ಹಾಕ್ರಿ, ಗಾಳಿ ತಾನಽ ಹೋಗ್ತೈತಿ" ಎಂದು ಎಲ್ಲರೆದುರು ಅಂದು ಬೈಸಿಕೊಂಡವಳು. ಬಾಯಿ ಜೋರು ನನ್ನದು, ತವರುಮನೆ ಮುಧೋಳದಿಂದಲೇ ತಂದ ಗುಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ಪುಕ್ಕಲಿ ಅಂದುಕೊಂಡೀರಿ. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಒಂದು ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಆದದ್ದನ್ನು ಏನೆಂದು ತಿಳಿಯಬೇಕೋ ನನಗೆ ಗೊತ್ತಿಲ್ಲ. ಎಷ್ಟೋ ವರ್ಷವಾಯಿತು, ಅಂಗಾಲಿನಲ್ಲಿ ಮುರಿದ ಮುಳ್ಳಿನ ಹಾಗೆ ಅದು ಒಳಗೇ ಉಳಿದಿದೆ.

ನಾನು ಮದುವೆಯಾಗಿ ಬಂದದ್ದು ಬನಹಟ್ಟಿಯ ನೇಕಾರರ ಮನೆಗೆ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಹಿತ್ತಲಿಗೆ ಹೊಂದಿ ಮಗ್ಗದ ಶೆಡ್ಡು, ಮೇಲೆ ಒಂದೇ ಒಂದು ಕೋಣೆ. ಕರೆಂಟು ಇರುವಷ್ಟು ಹೊತ್ತು ಮಗ್ಗಗಳು ಖಟ್ ಖಟ್ ಖಟ್ ಎಂದು ಬಡಿಯುತ್ತಲೇ ಇರುತ್ತಿದ್ದವು. ಬಂದ ಹೊಸತರಲ್ಲಿ ಆ ಸಪ್ಪಳಕ್ಕೆ ತಲೆ ಸಿಡಿದುಹೋಗುತ್ತಿತ್ತು. ವರ್ಷ ಕಳೆಯುವುದರೊಳಗೆ ತವರಿಗೆ ಹೋದರೆ ನಿದ್ದೆಯೇ ಬಾರದಂತಾಯಿತು. ಇಲ್ಲಿಯವರು ಮಗ್ಗದ ಮುಂದೆ ನಿಂತು ಬಾಯಿಂದ ಮಾತಾಡುವುದಿಲ್ಲ. ತುಟಿ ಅಲ್ಲಾಡಿಸುತ್ತಾರೆ, ಕೈ ತಿರುಗಿಸುತ್ತಾರೆ, ಅಷ್ಟರಲ್ಲೇ ಜಗಳವೂ ಆಗುತ್ತದೆ, ರಾಜಿಯೂ ಆಗುತ್ತದೆ.

ಮನೆಗೆ ಫೋನು ಬಂದಾಗ ತೊಂದರೆ ಶುರುವಾದದ್ದೇ ಈ ಸಪ್ಪಳದಿಂದ. ಪಡಸಾಲೆಯ ಗೋಡೆಯ ಗೂಡಿನಲ್ಲಿ ಫೋನು ಇಟ್ಟಿದ್ದೆವು. ನೂಲಿನ ವ್ಯಾಪಾರಿ ಹತ್ತು ಸಲ ಹಚ್ಚಿದರೂ ಶೆಡ್ಡಿನಲ್ಲಿದ್ದ ನಮ್ಮವರಿಗೆ ಕೇಳಿಸುತ್ತಿರಲಿಲ್ಲ. ನಾನು ಓಡಿಹೋಗಿ ಕರೆದು ತರುವಷ್ಟರಲ್ಲಿ ವ್ಯಾಪಾರಿ ಇಟ್ಟುಬಿಟ್ಟಿರುತ್ತಿದ್ದ. ಆ ಸಿಟ್ಟು ನನ್ನ ಮೇಲೆ.

"ಶೆಡ್ಡಿಗೆ ಇನ್ನೊಂದ ಕನೆಕ್ಷನ್ ತಗೋರಿ ಹಂಗಾರ," ಎಂದೆ.

"ಇನ್ನೊಂದ ಯಾಕ? ಇದ್ದ ವೈರಿಗೆ ಇನ್ನೊಂದ ವೈರ್ ಗಂಟ ಹಾಕಿದ್ರ ಆತು," ಎಂದರು ನಮ್ಮವರು.

ನಮ್ಮವರು ಹಳೆಯ ತಿರುಗುವ ಡಯಲ್ಲಿನ ಫೋನೊಂದನ್ನು ಜಮಖಂಡಿಯ ಹಳೇ ಸಾಮಾನಿನ ಅಂಗಡಿಯಿಂದ ತಂದು, ತಾವೇ ವೈರು ಎಳೆದು ಜೋಡಿಸಿದರು. ವೈರನ್ನು ವೈರಿಗೆ ಹೇಗೆ ಕೂಡಿಸಿದರು ಅಂತೀರಿ? ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕುವ ಹಾಗೆ! ನೇಕಾರರ ಗಂಟು ಅಂದರೆ ಕಣ್ಣಿಗೆ ಕಾಣಬಾರದು, ಬೆರಳಿಗೆ ತಾಗಬಾರದು. ಗಂಟು ಹಾಕಿ ಉಳಿದ ತುದಿಯನ್ನು ಕಚ್ಚಿ ತೆಗೆಯುತ್ತಾರೆ. ತಾಮ್ರದ ತಂತಿಗೂ ಹಾಗೆಯೇ ಮಾಡಿದರು. ಬೇರೆ ಊರಿನವರು ಯಾರೂ ಇಂಥ ಕೆಲಸ ಮಾಡಲಾರರು. ಆದರೆ ಫೋನು ನಡೆಯಿತು. ಸ್ವಲ್ಪ ಕರಕರ ಅನ್ನುತ್ತಿತ್ತು, ಅಷ್ಟೇ.

ಒಂದೇ ಲೈನಿಗೆ ಎರಡು ಫೋನು ಇದ್ದರೆ ಮನೆಯಲ್ಲಿ ಗುಟ್ಟು ಅನ್ನುವುದೇ ಉಳಿಯುವುದಿಲ್ಲ. ಒಂದು ಕಡೆ ಮಾತಾಡುವುದು ಇನ್ನೊಂದು ಕಡೆ ಎತ್ತಿದವರಿಗೆಲ್ಲ ಕೇಳುತ್ತದೆ. ಒಮ್ಮೆ ತವರಿನ ನಮ್ಮವ್ವನ ಹತ್ತಿರ ಫೋನಿನಲ್ಲಿ, "ಈ ಮನ್ಯಾಗ ಪಲ್ಯಾಕ್ಕ ಉಪ್ಪ ಹಾಕೋದಽ ಇಲ್ಲ ನೋಡವ್ವಾ" ಅಂದುಬಿಟ್ಟಿದ್ದೆ. ಮಧ್ಯಾಹ್ನ ಊಟಕ್ಕೆ ಕೂತ ನಮ್ಮವರು ಉಪ್ಪಿನ ಡಬ್ಬಿಯನ್ನೇ ನನ್ನ ತಾಟಿನ ಪಕ್ಕ ತಂದಿಟ್ಟು ಏನೂ ಆಗಿಲ್ಲದವರಂತೆ ಉಂಡರು. ನಾಚಿಕೆಯಿಂದ ಸತ್ತುಹೋದೆ.

ಇನ್ನೊಂದು ಸಂಗತಿ ಗಮನಕ್ಕೆ ಬಂತು. ಶೆಡ್ಡಿನ ಫೋನಿನಲ್ಲಿ ನಂಬರು ತಿರುಗಿಸಿದರೆ ಪಡಸಾಲೆಯ ಫೋನಿನ ಗಂಟೆ ಸಣ್ಣಗೆ ಟಿಣ್ ಟಿಣ್ ಅನ್ನುತ್ತಿತ್ತು. ಒಂದನ್ನು ತಿರುಗಿಸಿದರೆ ಒಂದು ಟಿಣ್, ಐದನ್ನು ತಿರುಗಿಸಿದರೆ ಐದು. ಆ ಹೊತ್ತಿಗೆ ಇಲ್ಲಿ ಎತ್ತಿಬಿಟ್ಟರೆ ಅಲ್ಲಿ ನಂಬರು ಕೆಡುತ್ತಿತ್ತು. ಅದಕ್ಕೇ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಟಿಣ್ ಅಂತಿರುವಾಗ ಯಾರೂ ಫೋನು ಮುಟ್ಟಬಾರದು.

ಇಷ್ಟರಲ್ಲಿ ನಮ್ಮತ್ತೆಗೆ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಹೋಯಿತು, ಮಾತು ಪೂರ್ತಿ ನಿಂತಿತು. ಎಡಗೈ ಒಂದು ಉಳಿಯಿತು. ಕಂಡಿಕೆಗೆ ನೂಲು ಸುತ್ತುತ್ತ, ಮಗ್ಗದ ಹಾಸಿನ ಎಳೆ ಎಣಿಸುತ್ತ ಮುದುಕಿಯಾದ ಕೈ ಅದು. ಮೇಲಿನ ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಮಲಗಿಸಿದೆವು. ಆದರೆ ಅವರಿಗೆ ಏನಾದರೂ ಬೇಕಾದರೆ ನಮ್ಮನ್ನು ಕರೆಯುವುದು ಹೇಗೆ? ಗಂಟೆ ಕೊಟ್ಟೆವು, ಮಗ್ಗದ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ತಟ್ಟೆ ಬಡಿಯಲು ಕೊಟ್ಟೆವು, ಅದೂ ಅಷ್ಟೇ. ಆಗ ನಮ್ಮವರು ಮೂರನೇ ಫೋನನ್ನು ಮೇಲೆ ಅತ್ತೆಯ ಎಡಗೈಗೆ ಸಿಗುವ ಹಾಗೆ ಜೋಡಿಸಿದರು. ಮತ್ತೆ ಅದೇ ಗಂಟು. ಅಡುಗೆಮನೆಗೂ ಪಡಸಾಲೆಗೂ ನಡುವೆ ಬರೀ ಬಾಗಿಲಿದ್ದದ್ದರಿಂದ ಕೆಳಗಿನ ಫೋನಿನ ಟಿಣ್ ನನಗೆ ಚೆನ್ನಾಗಿ ಕೇಳುತ್ತಿತ್ತು. ಅತ್ತೆ ಒಂದು ತಿರುಗಿಸಿದರೆ ನೀರು ಬೇಕು. ಎರಡು ಅಂದರೆ ಎಬ್ಬಿಸಿ ಕೂಡಿಸು. ಮೂರು ಅಂದರೆ ಬಟ್ಟೆ ಕೆಟ್ಟಿದೆ, ಬೇಗ ಬಾ. ಮಾತಿಲ್ಲದ ಅತ್ತೆಯೂ ಬಾಯಿಬಡುಕಿ ಸೊಸೆಯೂ ಹೀಗೆ ಟಿಣ್ ಟಿಣ್ ಅನ್ನುತ್ತ ಹೊಂದಿಕೊಂಡೆವು. ಮೊದಲು ನಮ್ಮ ನಡುವೆ ಅಷ್ಟು ಹೊಂದಿಕೆ ಇರಲಿಲ್ಲ ಅನ್ನುವುದೂ ಖರೆ.

ಯಾಕಿರಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಅತ್ತೆಗೆ ಇಬ್ಬರು ಮಕ್ಕಳು. ಹಿರಿಯವರು ಶಿವಕ್ಕ, ಅವರಿಗಿಂತ ಎಷ್ಟೋ ವರ್ಷಕ್ಕೆ ಚಿಕ್ಕವರು ನಮ್ಮವರು. ಶಿವಕ್ಕನನ್ನು ಚಿಕ್ಕಪಡಸಲಗಿಯ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಅವರಿಗೆ ಮಗಳು ಹುಟ್ಟಿದ ದಿನವೇ, ಇವಳು ತಮ್ಮನಿಗೆ ಎಂದು ಮಾತಾಗಿತ್ತು. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು ಹೊಸತಲ್ಲ, ಬಿಡುವುದೇ ಹೊಸತು. ನಮ್ಮವರು ಬಿಟ್ಟರು. "ನಾ ಎತ್ತಿ ಆಡಿಸಿದ ಕೂಸನ್ನ ಹೆಂಗ ಮದುವಿ ಆಗ್ಲಿ?" ಎಂದು ಪಟ್ಟು ಹಿಡಿದು ಮುಧೋಳದಿಂದ ನನ್ನನ್ನು ತಂದರು. ಶಿವಕ್ಕ ನಮ್ಮ ಮದುವೆಗೆ ಬರಲಿಲ್ಲ. "ಆ ಮುಧೋಳದಾಕಿ ಆ ಮನ್ಯಾಗ ಇರೂತನಕ ನಾ ಹೊಸ್ತಿಲ ತುಳಿಯಂಗಿಲ್ಲ" ಎಂದು ಆಣೆ ಮಾಡಿ ಹೇಳಿಕಳಿಸಿದರು. ಆ ಹುಡುಗಿ ಆಮೇಲೆ ಬೀಳಗಿಯ ಒಳ್ಳೆಯ ಮನೆ ಸೇರಿ ಸುಖವಾಗಿಯೇ ಇದ್ದಳು. ಆದರೂ ಶಿವಕ್ಕನ ಆಣೆ ಇಳಿಯಲಿಲ್ಲ, ತಮ್ಮನ ಹಟವೂ ಇಳಿಯಲಿಲ್ಲ. ನಡುವೆ ಅತ್ತೆ. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ಬಾಗಿಲಲ್ಲಿ ಯಾವುದಾದರೂ ಹೆಣ್ಣುಮಗಳ ದನಿ ಕೇಳಿದರೆ ತಟ್ಟನೆ ತಲೆ ಎತ್ತುತ್ತಿದ್ದರು, ನೋಡಿ ಮತ್ತೆ ತಗ್ಗಿಸುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೇ ಫೋನು ಬಂದ ಮೇಲೆ ಒಂದು ಹೊಸ ರೂಢಿ ಶುರುವಾಯಿತು. ಮಧ್ಯಾಹ್ನ ಊಟ ಮುಗಿದು, ನಮ್ಮವರು ಮತ್ತೆ ಮಗ್ಗ ಹಿಡಿದ ಮೇಲೆ, ಕೆಳಗಿನ ಫೋನು ಟಿಣ್ ಟಿಣ್ ಅನ್ನಲು ತೊಡಗುತ್ತಿತ್ತು. ಒಂದಲ್ಲ, ಎರಡಲ್ಲ, ಮೂರಲ್ಲ. ಉದ್ದಕ್ಕೆ. ಒಂದಿಷ್ಟು ಟಿಣ್, ತಡೆದು ಮತ್ತೊಂದಿಷ್ಟು, ಮತ್ತೆ ತಡೆದು ಮತ್ತೆ. ಮೊದಲ ದಿನ ಎದ್ದೆನೋ ಬಿದ್ದೆನೋ ಎಂದು ಮೇಲೆ ಓಡಿದೆ. ಅತ್ತೆ ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ನನ್ನನ್ನು ನೋಡಿ ತಟ್ಟನೆ ಅದನ್ನು ಇಟ್ಟು, ಏನಿಲ್ಲ ಹೋಗು ಎನ್ನುವ ಹಾಗೆ ಕೈ ಬೀಸಿದರು. ಮರುದಿನವೂ ಹಾಗೇ. ಹಗಲೆಲ್ಲ ಒಬ್ಬರೇ ಮಲಗಿ ಬೇಸರವಾಗಿ ಡಯಲು ತಿರುಗಿಸಿ, ಫೋನಿನ ಗುಂಯ್ ಅನ್ನುವ ಸದ್ದು ಕೇಳುತ್ತಾರೆ ಅಂದುಕೊಂಡೆ. ಅಕ್ಷರ ಬಾರದ ಮುದುಕಿ, ಮಾತಿಲ್ಲದ ಮುದುಕಿ ಯಾರಿಗೆ ಫೋನು ಹಚ್ಚಿಯಾಳು? ಓಡುವುದನ್ನು ಬಿಟ್ಟೆ. ಆದರೆ ದಿನಾ ಕೇಳಿ ಕೇಳಿ ಆ ಟಿಣ್ಣುಗಳ ನಡಿಗೆ ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಭಾಂಡೆ ತಿಕ್ಕುವಾಗ ಕೈ ತಾನಾಗಿ ಅದೇ ಲೆಕ್ಕಕ್ಕೆ ಆಡುತ್ತಿತ್ತು.

ಆಮೇಲೆ ಅತ್ತೆ ಇಳಿಯುತ್ತ ಬಂದರು. ಎಡಗೈಯೂ ಸೋತಿತು. ರಿಸೀವರು ಜಾರಿ ಬಿದ್ದು ಮನೆಯ ಲೈನೆಲ್ಲ ಗಂಟೆಗಟ್ಟಲೆ ಬಂದ್ ಆಗತೊಡಗಿತು. ನಮ್ಮವರು ಮೇಲಿನ ಫೋನಿನ ವೈರು ಬಿಚ್ಚಿ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಆ ಹೊತ್ತಿಗೆ ಅತ್ತೆ ಆ ಫೋನನ್ನು ನೋಡಿದ ನೋಟ ನನಗೆ ಆಗ ಅರ್ಥವಾಗಲಿಲ್ಲ. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ನಾನು ಸೆರಗಿನಿಂದ ಒರೆಸಿದೆ, ಅಷ್ಟೇ. ಡಾಕ್ಟರು ಬಂದು ನೋಡಿ, ಹೇಳಬೇಕಾದವರಿಗೆಲ್ಲ ಹೇಳಿಕಳಿಸಿರಿ ಎಂದು ಹೋದರು.

"ಅಕ್ಕಾಗ ಒಂದ ಮಾತ ತಿಳಸ್ರಿ," ಎಂದೆ ನಮ್ಮವರಿಗೆ.

"ಕರದ್ರ ಬರ್ತಾಳಂತ ಮಾಡೀ? ಆಣಿ ಮಾಡಿದಾಕಿ ಆಕಿ. ಕರಸ್ಕೊಂಡು ಬರದಽ ಇದ್ರ ಅವ್ವನ ಮುಂದ ನಾ ಯಾವ ಮಾರಿ ಹೊತ್ತ ನಿಲ್ಲಲಿ?"

"ಬರದಿದ್ರ ಬಿಡ್ಲಿ. ಹೇಳೂದ ಹೇಳ್ರಿ."

"ಸುಮ್ಮ ಕುಂಡರು. ನಿನ್ನ ಸಲವಾಗೇ ಇಷ್ಟೆಲ್ಲ," ಎಂದರು. ಅಂದ ಮೇಲೆ ಅವರಿಗೇ ಕೆಡುಕೆನಿಸಿತು, ಎದ್ದು ಶೆಡ್ಡಿಗೆ ಹೋದರು. ನನಗೆ ಶಿವಕ್ಕನ ಫೋನ್ ನಂಬರು ಗೊತ್ತಿರಲಿಲ್ಲ. ಅವರ ಮನೆಗೆ ಫೋನು ಬಂದದ್ದೂ ಯಾರೋ ಹೇಳಿ ಕೇಳಿದ ಸುದ್ದಿ. ಗೊತ್ತಿದ್ದರೂ ಯಾವ ಬಾಯಿಂದ ಮಾತಾಡಲಿ? ತಾಯಿ ಮಗಳ ಮುಖ ನೋಡದೆ ಹೋಗುತ್ತಾರೆ, ಅದಕ್ಕೆ ಕಾರಣ ನಾನು ಈ ಮನೆಯಲ್ಲಿ ಇರುವುದು. ಆ ಒಂದು ವಿಚಾರ ಕೂತಲ್ಲಿ ಕೂಡಗೊಡಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ.

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಗ್ಗ ಹಚ್ಚುವುದಿಲ್ಲ. ನಮ್ಮವರು ಬೆಳಿಗ್ಗೆ ಮಗ್ಗಗಳಿಗೆ ಪೂಜೆ ಮಾಡಿ, ಕಾಯಿ ಒಡೆದು, ಶೆಡ್ಡಿಗೆ ಬೀಗ ಹಾಕಿ, ಔಷಧ ತರಲು ಜಮಖಂಡಿಗೆ ಹೋದರು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಮೇಲಾಗಿ ಆ ದಿನ ಕರೆಂಟೂ ಇರಲಿಲ್ಲ. ಅಂಥ ದಿನ ನಮ್ಮ ಊರಿನ ಮೌನ ಹೇಗಿರುತ್ತದೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಕಿವಿಯೇ ಹೋಯಿತೇನೋ ಅನಿಸುತ್ತದೆ. ನಾನು ಅತ್ತೆಯ ತಲೆದೆಸೆಗೆ ಕೂತು ಹತ್ತಿಯಿಂದ ತುಟಿಗೆ ನೀರು ಹಚ್ಚುತ್ತಿದ್ದೆ. ಅವರ ಎಡಗೈ ಕೌದಿಯ ಮೇಲೆ ಮಲಗಿತ್ತು. ಉಸಿರು ಬಿಟ್ಟರೆ ಬೇರೆ ಅಲುಗಾಟವಿಲ್ಲ.

ಕೆಳಗೆ ಟಿಣ್ ಅಂತು.

ಹಲ್ಲಿ ಇರಬೇಕು ಅಂದುಕೊಂಡೆ. ಮತ್ತೆ ಟಿಣ್ ಟಿಣ್. ತಡೆದು ಮತ್ತೊಂದಿಷ್ಟು. ಅದೇ ನಡಿಗೆ. ತಿಂಗಳುಗಟ್ಟಲೆ ಭಾಂಡೆ ತಿಕ್ಕುತ್ತ ಕೇಳಿದ್ದ ಅದೇ ಟಿಣ್ಣುಗಳು, ಅದೇ ಕ್ರಮದಲ್ಲಿ. ಅತ್ತೆಯ ಕೈ ನೋಡಿದೆ, ಇದ್ದಲ್ಲೇ ಇತ್ತು. ಗೋಡೆಯ ಕಡೆ ನೋಡಿದೆ, ಬಿಚ್ಚಿದ ವೈರಿನ ತುದಿ ಮೊಳೆಗೆ ನೇತುಬಿದ್ದಿತ್ತು. ಎಲಾ ಶಿವನೇ, ಮತ್ತೆ ಯಾರು ತಿರುಗಿಸುತ್ತಿದ್ದಾರೆ?

ಮೆಟ್ಟಿಲು ಇಳಿದು ಬಂದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲು ನಾನೇ ಚಿಲಕ ಹಾಕಿದ್ದ ಹಾಗೇ ಇತ್ತು. ಗೂಡಿನಲ್ಲಿ ಫೋನು ಕೂತಿತ್ತು, ರಿಸೀವರು ಅದರ ಮೇಲೆ ಸರಿಯಾಗಿ ಇತ್ತು, ಒಳಗಿನಿಂದ ಟಿಣ್ ಟಿಣ್ ಬರುತ್ತಿತ್ತು. ನನಗೆ ಕೈ ಚಾಚಲು ಆಗಲಿಲ್ಲ. ಭಯ ಒಂದು, ರೂಢಿ ಒಂದು. ಟಿಣ್ ಅಂತಿರುವಾಗ ಮುಟ್ಟಬಾರದು ಎನ್ನುವುದು ಅಷ್ಟು ಒಗ್ಗಿಹೋಗಿತ್ತು. ನಿಂತು ಕೇಳಿದೆ. ಕೊನೆಯ ಟಿಣ್ ಆಯಿತು. ಸುಮ್ಮನಾಯಿತು. ಆಗ ಎತ್ತಿದೆ.

ಕಿವಿಯಲ್ಲಿ ಗುಂಯ್ ಅನ್ನುವ ಸದ್ದಲ್ಲ. ಎಲ್ಲೋ ದೂರ ಬೇರೆ ಯಾರದೋ ಮನೆಯಲ್ಲಿ ಫೋನು ರಿಂಗಾಗುತ್ತಿದ್ದ ಸದ್ದು. ಆಮೇಲೆ ಯಾರೋ ಎತ್ತಿದರು. ಒಬ್ಬ ಹೆಣ್ಣುಮಗಳ ದನಿ.

"ಅವ್ವಾ? ಯವ್ವಾ, ಊಟ ಆತೇನ ನಿಂದು? ಎಷ್ಟ ದಿನಾ ಆತು ನಿನ್ನ ಫೋನ್ ಇಲ್ಲ, ಜೀವದಾಗ ಜೀವ ಇರಲಿಲ್ಲ ನಂಗ. ಮಗ್ಗದ ಸಪ್ಪಳ ಇಲ್ಲಲ್ಲ, ಅಮಾಸಿ ಅಂತ ಬಂದ್ ಇಟ್ಟಾರೇನ? ಅವ್ವಾ, ಜರಾ ಉಸುರ ಬಿಡು, ನೀನಽ ಅದೀ ಅಂತ ಗೊತ್ತಾಗ್ಲಿ."

ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಆದರೂ ಯಾರದೆಂದು ತಿಳಿಯಿತು. ಮಧ್ಯಾಹ್ನದ ಆ ಉದ್ದನೆಯ ಟಿಣ್ಣುಗಳು ಏನೆಂದೂ ಆಗಲೇ ತಿಳಿಯಿತು. ಮಾತು ಬಾರದ ತಾಯಿ ದಿನಾ ಮಗಳಿಗೆ ಫೋನು ಹಚ್ಚುತ್ತಿದ್ದಳು. ಮಗಳು ಮಾತಾಡುತ್ತಿದ್ದಳು, ತಾಯಿ ಕೇಳುತ್ತಿದ್ದಳು. ನಾನು ಅದನ್ನು ಆಟ ಅಂದುಕೊಂಡಿದ್ದೆ.

ಉಸಿರು ಬಿಗಿಹಿಡಿದು ನಿಂತೆ. ಬಾಯಿಬಿಟ್ಟರೆ ಆಕೆ ಇಟ್ಟುಬಿಡುತ್ತಾಳೆ. ಬಿಡದಿದ್ದರೆ ಮೇಲೆ ಅತ್ತೆ ಹಾಗೆಯೇ ಹೋಗುತ್ತಾರೆ. ಯಾರು ಹಚ್ಚಿದರು ಎನ್ನುವ ವಿಚಾರ ಆ ಕ್ಷಣಕ್ಕೆ ತಲೆಯಿಂದ ಹೋಗಿಯೇಬಿಟ್ಟಿತ್ತು.

"ಅಕ್ಕಾರ, ನಾನ್ರಿ," ಎಂದೆ.

ಆ ಕಡೆ ಬಳೆಯ ಸದ್ದಾಯಿತು, ಇಡಲು ಹೊರಟಂತೆ.

"ಇಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ, ಇಡಬ್ಯಾಡ್ರಿ. ಅತ್ತಿ ಭಾಳ ಹೊತ್ತ ಇರಂಗಿಲ್ರಿ. ಕೈಯೂ ಎತ್ತವಲ್ಲರು. ಈಗಿಂದೀಗ ಬರ್ರಿ. ನನ್ನ ಮ್ಯಾಲಿನ ಸಿಟ್ಟ ಆಮ್ಯಾಲೆ ತೀರಿಸ್ಕೋರಿ."

ಟಕ್ ಎಂದು ಫೋನು ಇಟ್ಟ ಸದ್ದಾಯಿತು. ಸಿಟ್ಟಿನಿಂದ ಇಟ್ಟರೋ, ಹೊರಡಲು ಇಟ್ಟರೋ, ಹೇಗೆ ತಿಳಿಯಬೇಕು? ತಿರುಗಿ ಹಚ್ಚೋಣವೆಂದರೆ ನಂಬರಿಲ್ಲ. ಕಿವಿಯಲ್ಲಿದ್ದ ಟಿಣ್ಣುಗಳನ್ನು ನೆನೆದು ತಿರುಗಿಸಿ ನೋಡೋಣವೆಂದು ಬೆರಳಿಟ್ಟೆ. ಎಷ್ಟು ನೆನೆದರೂ ಬರಲಿಲ್ಲ. ದಿನಾ ಕೈಗೆ ತಾನಾಗಿ ಬರುತ್ತಿದ್ದದ್ದು ಬೇಕಾದಾಗ ಒಂದೂ ಬರಲಿಲ್ಲ, ನೋಡಿ.

ಆ ಮಧ್ಯಾಹ್ನ ನಾನು ಎಷ್ಟು ಸಲ ಮೇಲೆ ಹತ್ತಿದೆ, ಎಷ್ಟು ಸಲ ಕೆಳಗಿಳಿದೆ, ಲೆಕ್ಕವಿಲ್ಲ. ಮೇಲೆ ಹೋದರೆ ಬಾಗಿಲಲ್ಲಿ ಯಾರೋ ಬಂದಂತೆ, ಕೆಳಗೆ ಬಂದರೆ ಅತ್ತೆಯ ಉಸಿರು ನಿಂತಂತೆ. ನಡುವೆ ಒಮ್ಮೆ ಶೆಡ್ಡಿನ ಬೀಗ ತೆಗೆದು ಒಳಗೆ ಹೋದೆ. ಕಳ್ಳ ಇದ್ದರೂ ಪರವಾಗಿರಲಿಲ್ಲ, ಯಾರಾದರೂ ಒಬ್ಬರು ಕಂಡಿದ್ದರೆ ಸಾಕಾಗಿತ್ತು. ಯಾರೂ ಇರಲಿಲ್ಲ. ಮಗ್ಗಗಳಿಗೆ ಹಚ್ಚಿದ ಕುಂಕುಮ ಹಾಗೇ ಇತ್ತು. ಗೋಡೆಯ ಫೋನಿನ ಮೇಲೆ ನೂಲಿನ ಧೂಳು ಬೂರುಗದ ಹತ್ತಿಯ ಹಾಗೆ ಕೂತಿತ್ತು. ಡಯಲ್ಲಿನ ಒಂದೊಂದು ತೂತಿನಲ್ಲೂ ಕೂತಿತ್ತು. ಬೆರಳು ತಾಗಿದ ಗುರುತಿಲ್ಲ. ಬೀಗ ಹಾಕಿಕೊಂಡು ಮತ್ತೆ ಮೇಲೆ ಹತ್ತಿದೆ.

ಹೊತ್ತು ಇಳಿಯುವ ಮುಂಚೆ ಬಾಡಿಗೆ ಜೀಪೊಂದು ಓಣಿಯ ತುದಿಯಲ್ಲಿ ನಿಂತಿತು. ತಲೆತುಂಬ ಸೆರಗು ಹೊದ್ದ ಎತ್ತರದ ಹೆಣ್ಣುಮಗಳೊಬ್ಬಳು ಓಡಿದಂತೆ ನಡೆದು ಬಂದಳು. ಮುಖ ಥೇಟ್ ಅತ್ತೆಯದು. ಹೊಸ್ತಿಲ ತನಕ ಬಂದವಳು ಗಕ್ಕನೆ ನಿಂತುಬಿಟ್ಟಳು. ಒಳಗೆ ನಾನು ನಿಂತಿದ್ದೆ. ಆಕೆಯ ಕಣ್ಣು ನನ್ನನ್ನು ನೋಡಿತು, ಹೊಸ್ತಿಲನ್ನು ನೋಡಿತು. ಕಾಲು ಮುಂದೆ ಬರಲಿಲ್ಲ. ಆಣೆ ಅಂದರೆ ನಮ್ಮ ಕಡೆ ಬಾಯಿಮಾತಲ್ಲ, ಮಕ್ಕಳ ಮೇಲೆ ಇಟ್ಟಿರುತ್ತಾರೆ.

ನನಗೆ ಆಗ ಅದೆಲ್ಲಿಂದ ಹೊಳೆಯಿತೋ. ಹೊಸ್ತಿಲು ದಾಟಿ ಅವರ ಪಕ್ಕದಿಂದ ಹಾದು ಬೀದಿಗೆ ಇಳಿದುಬಿಟ್ಟೆ.

"ಈಗ ನಾ ಮನ್ಯಾಗ ಇಲ್ರಿ ಅಕ್ಕಾರ. ನಿಮ್ಮ ಆಣಿ ಮುರಿಯಂಗಿಲ್ಲ. ಹೋಗ್ರಿ, ಮ್ಯಾಲ ಅದಾರ."

ಶಿವಕ್ಕ ಒಂದು ಸಲ ನನ್ನನ್ನು ನೋಡಿದರು. ಚಪ್ಪಲಿ ಕಳಚಿ ಒಳಗೆ ಹೋದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು, ಆಮೇಲೆ "ಯವ್ವಾ" ಎನ್ನುವ ಒಂದು ಕೂಗು. ನಾನು ಕಟ್ಟೆಯ ಮೇಲೆ ಕೂತೆ. ನಮ್ಮವರು ಔಷಧದ ಚೀಲ ಹಿಡಿದು ಬಂದವರು, ನಾನು ಹೊರಗೆ ಕೂತದ್ದನ್ನು ನೋಡಿ, ಬಾಗಿಲ ಮುಂದಿನ ಚಪ್ಪಲಿ ನೋಡಿ, "ಯಾರ ಚಪ್ಪಲಿ ಇವು?" ಎಂದರು. ನಾನು ಹೇಳುವ ಮುಂಚೆ ಅವರಿಗೇ ತಿಳಿಯಿತು. ಒಳಗೆ ಹೋಗದೆ ನನ್ನ ಪಕ್ಕದಲ್ಲೇ ಕೂತು ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದೀಪ ಹಚ್ಚುವ ಹೊತ್ತಾಗಿತ್ತು. ಮೇಲಿನ ಕಿಟಕಿಯಿಂದ ಶಿವಕ್ಕ ಕರೆದರು.

"ಯಾಕ ಹೊರಗ ಕುಂತೀ? ಒಳಗ ಬಾ ಬೇ ತಂಗಿ. ಆಣಿ ಮಾಡಿದಾಕಿ ನಾನಽ, ಬಿಟ್ಟಾಕಿನೂ ನಾನಽ. ಅಂವಗೂ ಬಾ ಅನ್ನು."

ಮುಧೋಳದಾಕಿ ಆ ಸಂಜೆಯಿಂದ ತಂಗಿಯಾದಳು. ಮೇಲೆ ಹೋದಾಗ ಅತ್ತೆಯ ಕಣ್ಣು ತೆರೆದಿತ್ತು. ಎಡಗೈ ಮಗಳ ಅಂಗೈಯಲ್ಲಿತ್ತು. ಒಂದು ಬೆರಳು ಅಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ, ಸುತ್ತುತ್ತಿತ್ತು. ಡಯಲ್ಲು ತಿರುಗಿಸುವ ಹಾಗೆ. ಬೆಳಗಾಗುವ ಮುಂಚೆ ಅತ್ತೆ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಶಿವಕ್ಕ ಹೇಳಿದರು. "ಫೋನ್ ಎತ್ತಿದ್ರ ಮಾತಿಲ್ಲ ಕತಿಯಿಲ್ಲ, ಬರೇ ಮಗ್ಗದ ಸಪ್ಪಳ. ಅದರಾಗ ಹುಟ್ಟಿ ಬೆಳದಾಕಿ ನಾ, ನಮ್ಮ ಮನಿ ಮಗ್ಗ ನಂಗ ಗೊತ್ತಾಗಂಗಿಲ್ಲೇನು? ಅವತ್ತ ಲಕ್ವ ಹೊಡಿಯೂಕಿಂತ ಮದ್ಲ ಅವ್ವ ಬಾಜೂ ಮನಿಯಿಂದ ಕದ್ದ ಹಚ್ತಿದ್ಲು. ಡಯಲ್ಲಿನ ತೂತ ಎಣಿಸಿ ನಂಬರ ಬಾಯಿಪಾಠ ಮಾಡಿದ್ಲು, ಹಾಸಿನ ಎಳಿ ಎಣಿಸಿದಂಗ." ಆಮೇಲೆ ನನ್ನ ಗಲ್ಲ ಹಿಡಿದು, "ನಿಂಗ ನಂಬರ ಹೆಂಗ ಗೊತ್ತಾತು? ಅವ್ವನ ಕೈ ನೋಡಿ ಕಲ್ತೀ, ಹೌದಲ್ಲ?" ಎಂದು ಕೇಳಿದರು.

"ನಾ ಹಚ್ಚಿಲ್ರಿ ಅಕ್ಕಾರ," ಎಂದೆ. ಆದದ್ದನ್ನು ಆದ ಹಾಗೆ ಹೇಳ ಹೊರಟೆ. ಅವರು ನಕ್ಕರು. ನಮ್ಮವರೂ ನಕ್ಕರು. ತನ್ನ ದೊಡ್ಡಸ್ತಿಕೆ ತಾನೇ ಹೇಳಿಕೊಳ್ಳಬಾರದೆಂದು ಹೀಗೆ ಅನ್ನುತ್ತಾಳೆ ಎಂದು ಇಬ್ಬರೂ ತಿಳಿದರು. ಬಾಯಿ ಜೋರಿನವಳೆಂದು ಹೆಸರಾದ ನನ್ನ ಮಾತನ್ನು ಆ ಒಂದು ವಿಷಯದಲ್ಲಿ ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಸುಮ್ಮನೆ ಬಿಟ್ಟವಳಲ್ಲ. ರಬಕವಿಯಿಂದ ಫೋನು ರಿಪೇರಿಯವನೊಬ್ಬನನ್ನು ಕರೆಸಿದೆ. ಅವನು ಗಂಟುಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ರೀ ಅಕ್ಕಾರ, ಸೀರಿ ನೇಯ್ದಂಗ ನೇಯ್ದಾರಲ್ರೀ ಲೈನ್!" ಸಡಿಲು ಗಂಟು ಮಗ್ಗದ ಅದುರಿಗೆ ಕೂಡುತ್ತ ಬಿಡುತ್ತ ಇದ್ದರೆ ಗಂಟೆ ಟಿಣ್ ಅನ್ನಬಹುದು, ನಸೀಬಿದ್ದರೆ ಯಾವುದೋ ನಂಬರಿಗೆ ಹತ್ತಿಯೂಬಿಡಬಹುದು ಎಂದ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ನೆನಪಾಯಿತು. ಅಂದು ಅಮಾವಾಸ್ಯೆ, ಓಣಿಯಲ್ಲೇ ಒಂದೂ ಮಗ್ಗ ನಡೆದಿರಲಿಲ್ಲ, ಕರೆಂಟೂ ಇರಲಿಲ್ಲ. ಹೇಳಿದೆ. ಅವನು ತಲೆ ಕೆರೆದುಕೊಂಡು, "ಹಂಗಾರ ಇಲಿ ಇರಬೇಕ್ರಿ" ಎಂದು ಚಹಾ ಕುಡಿದು ಹೋದ. ಇಲಿ ಇರಬಹುದು. ಆದರೆ ಇಲಿಗೆ ಶಿವಕ್ಕನ ನಂಬರು ಹೇಗೆ ಗೊತ್ತಾಯಿತು?

ಒಮ್ಮೊಮ್ಮೆ ನನ್ನ ಮೇಲೆಯೇ ಅನುಮಾನ ಬರುತ್ತದೆ. ಕಿವಿಯಲ್ಲಿ ಕೂತಿದ್ದ ಲೆಕ್ಕಕ್ಕೆ ನಾನೇ, ನನಗೇ ತಿಳಿಯದೆ, ಡಯಲು ತಿರುಗಿಸಿದೆನೇ? ಆದರೆ ನಾನು ಮೇಲಿದ್ದಾಗಲೇ ಕೆಳಗೆ ಟಿಣ್ ಅಂದದ್ದು. ಅದನ್ನು ನಾನು ಕೇಳಿದ್ದೇನೆ.

ಈಗ ಲೈನು ತೆಗೆಸಿ ಬಹಳ ದಿನವಾಯಿತು. ಮೂರೂ ಫೋನು ಅಟ್ಟದ ಮೇಲಿವೆ, ಮಾರಲು ಮನಸ್ಸಿಲ್ಲ. ಶಿವಕ್ಕನಿಗೆ ವಯಸ್ಸಾಗಿದೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿಗೆ ಹಚ್ಚುತ್ತಾರೆ. ಮೊದಲು ಒಂದು ಗಳಿಗೆ ಏನೂ ಮಾತಾಡುವುದಿಲ್ಲ, ಮಗ್ಗದ ಸಪ್ಪಳ ಕೇಳುತ್ತಾರೆ. ಆಮೇಲೆ "ತಂಗೀ, ಊಟ ಆತೇನ?" ಅನ್ನುತ್ತಾರೆ. ಇತ್ತೀಚೆಗೆ ಅವರಿಗೆ ಮೈ ಸರಿಯಿಲ್ಲ. ಮಾಡದ ಉಪಕಾರಕ್ಕೆ ಅವರ ಪ್ರೀತಿ ಉಂಡೆನೆಂಬ ಕೊರಗು ನನಗೆ ಉಳಿಯಬಾರದೆಂದು ಮೊನ್ನೆ ಮತ್ತೆ ಹೇಳಿದೆ. "ಅಕ್ಕಾರ, ಖರೇನ ಹೇಳ್ತೇನಿ. ಅವತ್ತ ಆ ಫೋನ್ ನಾ ಹಚ್ಚಲಿಲ್ರಿ."

ಈ ಸಲ ಅವರು ನಗಲಿಲ್ಲ. ಅವರ ಉಸಿರು ಮಾತ್ರ ಕೇಳುತ್ತಿತ್ತು.

"ನೀ ಅಲ್ಲಂದ್ರ ಯಾರು, ತಂಗಿ?" ಎಂದರು.

ಹಿಂದೆ ಮಗ್ಗಗಳು ಬಡಿಯುತ್ತಿದ್ದವು. ಇಬ್ಬರೂ ಫೋನು ಇಡದೆ ಅದನ್ನೇ ಕೇಳುತ್ತ ಕೂತೆವು.